ಚಿನ್ ಮೇಲಿನ ಆರೋಪಪಟ್ಟಿ ಬರೆದವರು ಯಾರು?

ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಎಂದರೆ ಪುಸ್ತಕ ಸುಡಿಸಿದವನು, ವಿದ್ವಾಂಸರನ್ನು ಕೊಲ್ಲಿಸಿದವನು, ಸಣ್ಣ ತಪ್ಪಿಗೂ ತಲೆ ತೆಗೆಸುತ್ತಿದ್ದವನು. ಈ ಚಿತ್ರದ ಬಹುಪಾಲು ನಮಗೆ ಬಂದಿರುವುದು ಅವನ ಚಿನ್ ವಂಶ ಕುಸಿದ ಮೇಲೆ ಪಟ್ಟಕ್ಕೇರಿದ ಹಾನ್ ವಂಶದ ಕಾಲದ ಬರಹಗಳಿಂದ. ಕ್ರಿ.ಪೂ. 209ರ ದಂಗೆಯ ಕಥೆಯನ್ನೇ ನೋಡಿ. ಗಡಿ ಕಾವಲಿಗೆ ಹೊರಟ 900 ಮಂದಿ ಮಳೆಗೆ ಸಿಕ್ಕಿ ದಾರಿಯಲ್ಲೇ ಉಳಿದರು. ಗಡುವು ತಪ್ಪಿದರೆ ಮರಣದಂಡನೆ, ಹೇಗೂ ಸಾಯುವವರು ದಂಗೆಯೆದ್ದೇ ಸಾಯೋಣ ಎಂದು ಅವರಲ್ಲೇ ಇದ್ದ ಚೆನ್ ಶೆಂಗ್ ಮತ್ತು ವು ಗ್ವಾಂಗ್ ಉಳಿದವರನ್ನು ಎಬ್ಬಿಸಿದರು. ಹೀಗೆಂದು ಸುಮಾರು ನೂರು ವರ್ಷಗಳ ನಂತರ ಬರೆದವನು ಹಾನ್ ಆಸ್ಥಾನದ ಸಿಮಾ ಚಿಯಾನ್.

1975ರ ಕೊನೆಯಲ್ಲಿ ಹುಬೆ ಪ್ರಾಂತ್ಯದ ಶುಯ್‌ಹುದಿಯಲ್ಲಿ ಚಿನ್ ಕಾಲದ ಒಬ್ಬ ಕೆಳದರ್ಜೆಯ ಅಧಿಕಾರಿಯ ಗೋರಿ ತೆರೆದಾಗ ಸಾವಿರಕ್ಕೂ ಹೆಚ್ಚು ಬಿದಿರುಪಟ್ಟಿಗಳು ಸಿಕ್ಕವು. ಅವುಗಳಲ್ಲಿ ಬಿಟ್ಟಿದುಡಿಮೆಯ ಕಾನೂನೂ ಇದೆ: 3ರಿಂದ 5 ದಿನ ತಡವಾದರೆ ಬೈಗುಳ, 6ರಿಂದ 10 ದಿನಕ್ಕೆ ಒಂದು ಗುರಾಣಿಯ ದಂಡ, ಅದನ್ನೂ ಮೀರಿದರೆ ಒಂದು ಕವಚದ ದಂಡ. ಮಳೆಯ ಅಡ್ಡಿಯಿದ್ದರೆ ಆ ಕರೆಯೇ ರದ್ದು. ತಲೆದಂಡದ ಮಾತೇ ಇಲ್ಲ. ಇದು ದುಡಿಮೆಯ ಕಾನೂನು, ಗಡಿ ಕಾವಲಿನದಲ್ಲ. ದಂಗೆ ನಡೆದ ಎರಡನೆಯ ಚಕ್ರವರ್ತಿಯ ಕಾಲಕ್ಕೆ ಶಿಕ್ಷೆ ಬಿಗಿಯಾಗಿರಲೂಬಹುದು ಎಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ದಿನಗಳ ಲೆಕ್ಕದಲ್ಲಿ ದಂಡ ಅಳೆಯುತ್ತಿದ್ದ, ಮಳೆಗೂ ವಿನಾಯಿತಿ ಬರೆದಿಟ್ಟಿದ್ದ ಆಡಳಿತ ತಡವಾಗಿ ಬಂದ ಕಾವಲುಗಾರರ ತಲೆ ತೆಗೆಯುತ್ತಿತ್ತು ಎನ್ನುವವರು ಇನ್ನು ಮುಂದೆ ಸಾಕ್ಷ್ಯ ಒದಗಿಸಬೇಕು. ದಂಗೆಗೆ ಹುರಿದುಂಬಿಸುವ ನಾಯಕನ ಭಾಷಣ ಸಾಕ್ಷ್ಯವಾಗದು.

ಹಾಗಾದರೆ ಸರ್ವಾಧಿಕಾರಿಯೊಬ್ಬನಿಗೆ ಸುಣ್ಣ ಬಳಿಯುತ್ತಿದ್ದೇವೆಯೇ? ಆ ಕೆಲಸ ನಡೆದದ್ದೂ ಉಂಟು. ಕನ್‌ಫ್ಯೂಷಿಯಸ್ ವಿರುದ್ಧ 1970ರ ದಶಕದಲ್ಲಿ ನಡೆದ ಪ್ರಚಾರದಲ್ಲಿ ಮಾವೋ ಅವರ ಚೀನಾ ಈ ಚಕ್ರವರ್ತಿಯನ್ನು ಪ್ರಗತಿಪರನೆಂದು ಮೆರೆಸಿತ್ತು. ಬಿದಿರುಪಟ್ಟಿಗಳು ಅದಕ್ಕೂ ಒಗ್ಗುವುದಿಲ್ಲ. ಐವರು ಕೂಡಿ ಒಂದು ನಾಣ್ಯದಷ್ಟು ಕದ್ದರೂ ಎಡಪಾದ ಕತ್ತರಿಸಿ, ಮುಖಕ್ಕೆ ಹಚ್ಚೆ ಚುಚ್ಚಿ, ಕೋಟೆ ಕಟ್ಟುವ ಕಠಿಣ ದುಡಿಮೆಗೆ ತಳ್ಳಬೇಕೆಂದು ಅದೇ ಗೋರಿಯ ಬರಹ ಹೇಳುತ್ತದೆ. ಈ ಕ್ರೌರ್ಯ ದೊರೆಯೊಬ್ಬನ ಹುಚ್ಚಲ್ಲ, ಗುಮಾಸ್ತರು ನಕಲು ಮಾಡಿ ಜಾರಿಗೆ ತರುತ್ತಿದ್ದ ನಿಯಮ. ಅಪರಾಧಿಗಳನ್ನು ದುಡಿಸಿಯೇ ಸಾಮ್ರಾಜ್ಯ ನಡೆಯುತ್ತಿದ್ದಾಗ ಅಪರಾಧಿಗಳ ಪೂರೈಕೆ ನಿಲ್ಲುವಂತಿರಲಿಲ್ಲ. ಹುನಾನ್ ಪ್ರಾಂತ್ಯದ ಲಿಯೆಯಲ್ಲಿ 2002ರಲ್ಲಿ ಹಳೆಯ ಬಾವಿಯೊಂದರಿಂದ ಮೇಲೆ ಬಂದ ಚಿನ್ ಕಡತಗಳಲ್ಲಿ ಯಾವ ಕೈದಿಗೆ ಯಾವ ಕೆಲಸ ಹಂಚಲಾಯಿತು ಎಂಬ ಪಟ್ಟಿಗಳಿವೆ. ಚಿನ್ ಪತನದ ಕಾರಣವನ್ನು ಚೆನ್ ಶೆಂಗ್‌ನ ಭಾಷಣಕ್ಕಿಂತ ಮೊದಲು ಹುಡುಕಬೇಕಾದದ್ದು ಈ ಪಟ್ಟಿಗಳಲ್ಲಿ.