ಮನೆಗೆ ಬಾರದ ಸುಲೋಚನೆ

ನನ್ನ ಕಪಾಟಿನ ಒಂದು ಖಾನೆ ಬರಿದಾಗಿಯೇ ಇದೆ. ಅದು 'ಸತಿ ಸುಲೋಚನಾ' ಚಿತ್ರದ ಡಿಸ್ಕಿಗೆಂದು ಇಟ್ಟ ಜಾಗ. ಕಂಡವರು ನಗುತ್ತಾರೆ. ಕನ್ನಡದ ಆ ಮೊದಲ ಮಾತಿನ ಚಿತ್ರ ತಯಾರಾದದ್ದು ನಮಗೆ ದೂರವಲ್ಲದ ಕೊಲ್ಲಾಪುರದಲ್ಲಿ, ತೆರೆಕಂಡದ್ದು 1934ರಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ.

ಫಿಲ್ಮು ಬೇಗ ಕೆಡುವ ವಸ್ತು, ಏನು ಮಾಡಲಾದೀತು ಎಂದು ಕೆಲವರ ಅಂಬೋಣ. ಕಾಗದವೇನು ಕಬ್ಬಿಣವೆ? ಧಾರವಾಡದ ಮನೋಹರ ಗ್ರಂಥಮಾಲೆ ಹುಟ್ಟಿದ್ದು 1933ರಲ್ಲಿ, ಸುಲೋಚನೆಗಿಂತ ಒಂದೇ ವರ್ಷ ಮೊದಲು. ಅದರ ಹಳೆಯ ಪುಸ್ತಕಗಳು ಇಂದಿಗೂ ಕೈಗೆ ಸಿಗುತ್ತವೆ. ಏಕೆಂದರೆ ಅವು ಚಂದಾದಾರರ ಮನೆಮನೆ ಸೇರಿದವು; ಒಂದು ಮನೆಯಲ್ಲಿ ಗೆದ್ದಲು ತಿಂದರೆ ಇನ್ನೊಂದರಲ್ಲಿ ಉಳಿದವು. ಚಿತ್ರವಾದರೋ ಕೆಲವೇ ಡಬ್ಬಿಗಳಲ್ಲಿತ್ತು. ಡಬ್ಬಿಗಳೊಡನೆ ಅದೂ ಹೋಯಿತು.

'ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲ!' ಎನ್ನುವವರಿಗೆ ನನ್ನದೊಂದೇ ಮಾತು: ಅದು ಬಾಡಿಗೆಯ ಬಿಡಾರ. ಒಡೆಯರ ಕರಾರು ಮುಗಿದ ದಿನ ಚಿತ್ರ ಮಾಯ. ದುಡ್ಡು ತೆತ್ತ ನಿಮ್ಮನ್ನು ಕೇಳುವವರಿಲ್ಲ.

ಆದ್ದರಿಂದ ಗ್ರಂಥಮಾಲೆಯಂತೆ ಒಂದು ಚಿತ್ರಮಾಲೆಯೂ ಬರಲಿ. ಚಂದಾ ನಾವು ಕೊಡೋಣ. ಉಳಿದ ಹಳೆಯ ಚಿತ್ರಗಳನ್ನು ಶುದ್ಧಮಾಡಿ, ಡಿಸ್ಕಿಗಿಳಿಸಿ, ಮನೆಗೆ ಕಳಿಸಲಿ. ಸುಲೋಚನೆ ಇನ್ನು ಬರಲಿಕ್ಕಿಲ್ಲ. ಆ ಖಾನೆ ಹಾಗೆಯೇ ಇರಲಿ. ಅದರ ಪಕ್ಕದ್ದಾದರೂ ಬರಿದಾಗದಿರಲಿ.