ಹಸಿರು ಗುಂಡಿ ಒತ್ತುವುದೇ ವಿದ್ಯೆಯೇ?



ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಮನೆಗೆ ಬಂದಿದ್ದ. ಆರು ವರ್ಷಗಳಿಂದ ಸಿ.ಎನ್.ಸಿ. ಲೇತ್ ಆಪರೇಟರ್. ಏನು ಕೆಲಸವೆಂದು ಕೇಳಿದೆ. "ಚಕ್ಕಿಗೆ ಜಾಬ್ ಕಟ್ಟುವುದು, ಬಾಗಿಲು ಮುಚ್ಚುವುದು, ಹಸಿರು ಗುಂಡಿ ಒತ್ತುವುದು ಸಾರ್. ಪ್ರೋಗ್ರಾಂ ಬೇರೆಯವರು ಬರೆಯುತ್ತಾರೆ. ನನಗೆ ಗಣಿತ ಹತ್ತುವುದಿಲ್ಲವಲ್ಲ" ಎಂದ.

ಆ ಕೊನೆಯ ಮಾತು ನನ್ನದು. ಅವನ ತಂದೆಯವರಿಗೆ "ಇವನಿಗೆ ಗಣಿತ ಹತ್ತುವುದಿಲ್ಲ, ಐ.ಟಿ.ಐ.ಗೆ ಸೇರಿಸಿಬಿಡಿ" ಎಂದು ಹೇಳಿದವನು ನಾನೇ.

ಎಂತಹ ಅಜ್ಞಾನದ ಮಾತದು! ಅಂಕೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿ ಪ್ರದರ್ಶಿಸಿದಂದೇ ಲೋಹದ ಕೆಲಸ ಗಣಿತದ ಕೆಲಸವಾಯಿತು. ಜಿ01 ಎಂದರೆ ಸರಳರೇಖೆಯಲ್ಲಿ ಕತ್ತರಿಸು. ಜಿ02 ಎಂದರೆ ಗಡಿಯಾರದ ಮುಳ್ಳಿನಂತೆ ಕಮಾನಾಗಿ ಸಾಗು. ಜಿ03 ಅದಕ್ಕೆ ವಿರುದ್ಧ. ಎಕ್ಸ್, ಜೆಡ್ ಎಂಬವು ನಾನು ಕಪ್ಪುಹಲಗೆಯ ಮೇಲೆ ಎಳೆದಂತಹ ಅಕ್ಷಗಳೇ. ಕೆಲವು ಯಂತ್ರಗಳಲ್ಲಿ 50ರ ಮುಂದೆ ದಶಮಾಂಶ ಬಿಂದುವನ್ನು ಮರೆತರೆ ಅದು 50 ಮಿ.ಮೀ. ಅಲ್ಲ, 50 ಮೈಕ್ರಾನ್! ನಾನು ಅರ್ಧ ಅಂಕ ಕಳೆಯುತ್ತಿದ್ದ ತಪ್ಪಿಗೆ ಅಲ್ಲಿ ಟೂಲೇ ಮುರಿದೀತು.

ಅಂದು ಸಂಜೆ ಒಂದು ಹಾಳೆ ತೆಗೆದುಕೊಂಡೆ. 40 ಮಿ.ಮೀ. ಉದ್ದದ ಜಾಬ್, ಅಕ್ಷಕ್ಕೆ 10 ಡಿಗ್ರಿ ಓರೆ. ಎರಡು ತುದಿಗಳ ವ್ಯಾಸದ ಅಂತರವೆಷ್ಟು? 40ನ್ನು ಟ್ಯಾನ್ 10ರಿಂದ ಗುಣಿಸಿದರೆ 7.05, ಎರಡೂ ಬದಿಗೆ ಸೇರಿ 14.1 ಮಿ.ಮೀ. ಅವನು ಹಾಳೆಯನ್ನೇ ನೋಡುತ್ತಾ, "ಟ್ಯಾನ್ ಎಂದರೆ ಇಷ್ಟೇನಾ ಸಾರ್?" ಎಂದ. ನಾನು ತಲೆ ತಗ್ಗಿಸಿದೆ. ಕೊರತೆಯಿದ್ದದ್ದು ಅವನ ಬುದ್ಧಿಯಲ್ಲಲ್ಲ, ನನ್ನ ಪಾಠದಲ್ಲಿ.

"ಈಗ ಕ್ಯಾಮ್ ತಂತ್ರಾಂಶವೇ ಪ್ರೋಗ್ರಾಂ ಬರೆದುಕೊಡುತ್ತದೆ, ಹುಡುಗರಿಗೇಕೆ ಲೆಕ್ಕ?" ಎಂದು ಕೆಲವರು ವಾದಿಸುತ್ತಾರೆ. ಒಪ್ಪಲಾರೆ. ಟೂಲ್ ಸವೆದು ವ್ಯಾಸ ಎರಡು ನೂರಾಂಶ ಹೆಚ್ಚಾದಾಗ ಆಫ್‌ಸೆಟ್ ತಿದ್ದಬೇಕಾದವನು ಯಂತ್ರದ ಮುಂದೆ ನಿಂತವನು. ಪ್ರೋಗ್ರಾಂ ಓದಲಾರದವನು ಯಂತ್ರದ ಒಡೆಯನಲ್ಲ, ಅದರ ಕಾವಲುಗಾರ. ಗುಂಡಿ ಒತ್ತುವ ಕೆಲಸವನ್ನು ನಾಳೆ ಇನ್ನೊಂದು ಯಂತ್ರ ಮಾಡೀತು. ಆಗ ಅವನ ಸಂಸಾರದ ಗತಿಯೇನು?

ಆದ್ದರಿಂದ ಕೋಡುಗಳನ್ನು ಬಾಯಿಪಾಠ ಮಾಡಿಸಿ ಪ್ರಮಾಣಪತ್ರ ಹಂಚುವ ತರಬೇತಿ ನಿಲ್ಲಬೇಕು. ಪ್ರತಿಯೊಬ್ಬ ಹುಡುಗನೂ ಹುಡುಗಿಯೂ ಡ್ರಾಯಿಂಗ್ ಓದಿ, ತಾನೇ ಪ್ರೋಗ್ರಾಂ ಬರೆದು, ಜಾಬ್ ಇಲ್ಲದೆ ಓಡಿಸಿ ಪರೀಕ್ಷಿಸಿ, ಆಮೇಲೆ ಲೋಹ ಕತ್ತರಿಸಬೇಕು. ವಿವರಣೆ ಕನ್ನಡದಲ್ಲೇ ಇರಲಿ. ಜಿ01ಕ್ಕೆ ಯಾವ ಭಾಷೆಯ ಹಂಗೂ ಇಲ್ಲ. ಅಧ್ಯಾಪಕರಾಗಿರುವ ನನ್ನ ಶಿಷ್ಯರೇ, ನಾನು ಆಡಿದ ಮಾತನ್ನು ನೀವು ಯಾವ ತಂದೆತಾಯಿಗೂ ಆಡಬೇಡಿ.

ಆ ಹುಡುಗ ಈಗ ಭಾನುವಾರಗಳಂದು ನೋಟ್‌ಬುಕ್ ಹಿಡಿದು ಬರುತ್ತಿದ್ದಾನೆ. ಬಾಕಿ ಉಳಿದ ಪಾಠವನ್ನು ನಾನು ತೀರಿಸುತ್ತಿದ್ದೇನೆ.