ಮೊಂಡು ಉಳಿಯೂ ಮರ ಕಡಿಯುತ್ತದೆ

ಕಾಡು ಉಳಿಸುವ ಮಾತು ಬಂದಾಗಲೆಲ್ಲ ಪರಿಸರಾಸಕ್ತರ ಕಣ್ಣು ಕೊಡಲಿ, ಗರಗಸ, ಲಾರಿಗಳ ಕಡೆಗೇ ಹೋಗುತ್ತದೆ. ಕಡಿದು ತಂದ ಮರ ಕಸುಬುದಾರನ ಕೈಯಲ್ಲಿ ಏನಾಗುತ್ತದೆ ಎಂದು ಕೇಳುವವರು ವಿರಳ. ಲೇತ್‌ನಲ್ಲಿ ಭರಣಿ, ಬಟ್ಟಲು ಕಡೆಯುವ ಅಂಗಡಿಯ ಮೂಲೆಯಲ್ಲಿ ಅಂಚು ಸೀಳಿ, ಒಳಗೋಡೆ ಕಿತ್ತು ಸೌದೆಯಾಗುವ ತುಂಡುಗಳೂ ಮರವೇ. ಹೊರಮೈ ಕಡೆಯುವಾಗ ಹೀಗೆ ಕೆಡುವುದು ಕಡಿಮೆ. ಹೆಚ್ಚು ಕೆಡುವುದು ಒಳಗನ್ನು ಟೊಳ್ಳು ಮಾಡುವಾಗ.

ಕರ್ನಾಟಕದಲ್ಲಿ ಈ ಕಸುಬಿನ ಹೆಸರುವಾಸಿ ನೆಲೆ ಚನ್ನಪಟ್ಟಣ. ಅಲ್ಲಿನವರು ಆಲೆಮರವನ್ನು, ಅಂದರೆ ಹಾಲೆಯನ್ನು, ನೆಚ್ಚಿಕೊಂಡಿರುವುದಕ್ಕೆ ಕಾರಣವಿದೆ: ಅದರ ಎಳೆ ನವಿರು, ಬಣ್ಣ ಬಿಳಿ, ಮೈ ಅರಗನ್ನು ಚೆನ್ನಾಗಿ ಹಿಡಿಯುತ್ತದೆ. ಜಗಳೂರಿನಂಥ ಒಣ ನೆಲದಲ್ಲೂ ಬೆಳೆಯಬಲ್ಲ ಮರವದು. ಆದ್ದರಿಂದಲೇ ಈ ಭಾಗಕ್ಕೆ ಕಡೆತದ ಕಸುಬು ಬರಲಿ ಎಂದೊಡನೆ ಕುರುಚಲು ಕಾಡಿನ ಮೇಲೆ ಕಣ್ಣು ಬೀಳುವ ಅಪಾಯವಿದೆ. ಕೊಂಡುಕುರಿಗಾಗಿ 2011ರಲ್ಲಿ ರಂಗಯ್ಯನದುರ್ಗ ವನ್ಯಧಾಮವಾದ ತಾಲ್ಲೂಕಿನಲ್ಲಿ ಅಂಥ ಆಲೋಚನೆಯೇ ಸಲ್ಲದು. ಹೊಲದ ಬದುವಿನ ಬೇವು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ತೋಟದಲ್ಲಿ ವಯಸ್ಸಾಗಿ ಉರುಳಿಸುವ ಅಡಿಕೆ ಮರ ಇವೆಯಲ್ಲ. ಆದರೆ ಇವು ಹಾಲೆಯಷ್ಟು ಸಾಧುವಲ್ಲ. ಮೊಂಡು ಉಳಿಯನ್ನು ಕ್ಷಮಿಸುವುದಿಲ್ಲ.

ಉಳಿ ಒಳಗೆ ಏಕೆ ಸರಿಯಾಗಿ ಕೊಯ್ಯುವುದಿಲ್ಲ? ಮೊದಲ ಕಾರಣ ದಿಕ್ಕು. ಕುಂಕುಮದ ಭರಣಿಯಲ್ಲಿ ಮರದ ಎಳೆಗಳು ಕಟ್ಟಿ ನಿಲ್ಲಿಸಿದ ಹುಲ್ಲಿನ ಹೊರೆಯಂತೆ ಬಾಯಿಗೆ ಮುಖ ಮಾಡಿರುತ್ತವೆ. ಅಲ್ಲಿ ಉಳಿ ನಡುವಿನಿಂದ ಹೊರಟು ಅಂಚಿನ ಕಡೆಗೆ ಬರಬೇಕು. ಆಗ ಕೊಯ್ಯುವ ಪ್ರತಿ ಎಳೆಗೂ ಪಕ್ಕದ ಎಳೆ ಆಸರೆ ಕೊಡುತ್ತದೆ. ಎಳೆಗಳು ಅಡ್ಡ ಮಲಗಿದ ಬಟ್ಟಲಿನಲ್ಲಾದರೆ ದಾರಿ ತಿರುಗುಮುರುಗು, ಅಂಚಿನಿಂದ ನಡುವಿಗೆ. ಇದನ್ನು ಮರೆತು ಬಲ ಹಾಕಿದರೆ ಎಳೆ ಕೊಯ್ದು ಬರುವುದಿಲ್ಲ, ಕಿತ್ತು ಬರುತ್ತದೆ. ಕುಡುಗೋಲು ಹಿಡಿದ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ನಡುಕ. ಒಳಕ್ಕೆ ಹೋದಷ್ಟೂ ಉಳಿ ಆಸರೆಪಟ್ಟಿಯಿಂದ ಆಚೆ ಚಾಚಿಕೊಳ್ಳುತ್ತದೆ. ಚಾಚು ಎರಡರಷ್ಟಾದರೆ ಅದೇ ಒತ್ತಡಕ್ಕೆ ಉಳಿ ಸುಮಾರು 8 ಪಟ್ಟು ಬಾಗುತ್ತದೆ. ಬಾಗಿದ ಉಳಿ ಕುಣಿಯುತ್ತದೆ, ಕುಣಿದ ಉಳಿ ಒಳಗೋಡೆಯಲ್ಲಿ ಅಲೆ ಎಬ್ಬಿಸುತ್ತದೆ, ಕಚ್ಚಿಕೊಂಡರೆ ಪಾತ್ರೆಯೇ ಸಿಡಿಯುತ್ತದೆ. ತೆಳ್ಳನೆಯ ಉದ್ದ ಉಳಿಗಿಂತ ದಪ್ಪನೆಯದು ಮೇಲು. ಅದರ ಅಗಲ ಹಾಗೇ ಇದ್ದು ದಪ್ಪ ಎರಡರಷ್ಟಾದರೆ ಬಾಗು ಎಂಟನೇ ಒಂದಕ್ಕಿಳಿಯುತ್ತದೆ. ಆಸರೆಪಟ್ಟಿಯನ್ನು ಬಾಯಿಯ ಒಳಗೇ ತೂರಿಸಲು ಬಂದರೆ ಇನ್ನೂ ಒಳ್ಳೆಯದು. ಕೆರೆಯುವ ಉಳಿಯ ತುದಿ ನಡುಗೆರೆಗಿಂತ ಕೂದಲೆಳೆಯಷ್ಟು ಮೇಲಿರಲಿ. ಬಾಗಿದರೂ ಅದು ಖಾಲಿ ಜಾಗಕ್ಕೆ ಇಳಿಯುತ್ತದೆ, ಮರದೊಳಕ್ಕೆ ನುಗ್ಗುವುದಿಲ್ಲ.

ಉಳಿದದ್ದು ಸಾಣೆ. ಕೆರೆಯುವ ಉಳಿ ಕೆಲಸ ಮಾಡುವುದು ಸಾಣೆ ಹಿಡಿದಾಗ ಬಾಯಿಯಲ್ಲಿ ಏಳುವ ಕಣ್ಣಿಗೆ ಕಾಣದ ಕೊಕ್ಕೆಯಿಂದ. ಅದು ಬೇಗ ಸವೆಯುತ್ತದೆ. ಸಿಂಬೆಯಂತೆ ಸುರುಳಿ ಬರುತ್ತಿದ್ದ ಹೊಟ್ಟು ಪುಡಿಯಾಗತೊಡಗಿತೆಂದರೆ ಲೇತ್ ನಿಲ್ಲಿಸಿ ಸಾಣೆಕಲ್ಲಿಗೆ ಹೋಗಬೇಕು. ಹೆಚ್ಚಿನವರು ಆಗ ಹೋಗುವುದಿಲ್ಲ, ಕೈಗೆ ಬಲ ಕೂಡಿಸುತ್ತಾರೆ. ಅಡಿಕೆ ಮರದಲ್ಲಂತೂ ಈ ಸೋಮಾರಿತನ ನಡೆಯದು. ಅದರ ಹೊರಸುತ್ತು ಗಟ್ಟಿ, ನಡು ಬೆಂಡು. ತಾಳೆಯ ಕುಲದ ಮರಗಳ ಎಳೆಯ ಬದಿಯಲ್ಲಿ ಮರಳಿನ ಸತ್ವವಾದ ಸಿಲಿಕಾ ಕಣಗಳಿರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಆ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಮೂಗಿಗೆ ಬಟ್ಟೆಯಷ್ಟೇ ಸಾಲದು. ಸದ್ಯ ದಬ್ಬೆಗೆ, ಚಪ್ಪರಕ್ಕೆ ಹೋಗುವ ಈ ಮರದಿಂದ ಬಟ್ಟಲು ತೆಗೆಯಬಯಸುವವರು ಇಷ್ಟನ್ನು ತಿಳಿದೇ ಹೊರಡಬೇಕು.

ಕಸುಬಿನ ತರಬೇತಿ ಎಂದರೆ ಯಂತ್ರ ಹಂಚುವುದು ಎಂಬ ತಿಳಿವಳಿಕೆ ಬಲವಾಗಿದೆ. ಹರಿತವಿಲ್ಲದ ಉಳಿಯ ಜೊತೆ ಹಂಚಿದ ಲೇತ್ ಮರ ಕೆಡಿಸುವ ಯಂತ್ರವಷ್ಟೇ. ಶಿಬಿರದ ಮೊದಲ ವಾರ ಮರವನ್ನೇ ಏರಿಸದೆ ಸಾಣೆಕಲ್ಲಿನ ಮುಂದೆ ಕಳೆಯಲಿ. ಎರಡನೆಯ ವಾರಕ್ಕೆ ಬದುವಿನಲ್ಲಿ ಸವರಿದ ಬೇವಿನ ಕೊಂಬೆ ಸಾಕು.